ಸಿಮಿಯೋನಪ್ಪನ ಕಂಠ

ಬೇವೂರಿನ ಸಿಮಿಯೋನಪ್ಪನನ್ನು ಕಣ್ಣಿನಿಂದ ಕಾಣುವ ಮುಂಚೆ ಕಿವಿಯಿಂದ ಕಾಣಬೇಕಾಗಿತ್ತು. ಆದಿತ್ಯವಾರದ ಮುಂಜಾನೆ ಪ್ರಾರ್ಥನಾಮಂದಿರದ ಕಿಟಕಿಗೆ ಮುಖವಿಟ್ಟು ಅವನು ಕೀರ್ತನೆ ಎತ್ತಿದನೆಂದರೆ, ಕುಕನೂರಿನ ಹಾದಿ ಹಿಡಿದ ಎತ್ತುಗಳೂ ಕಿವಿ ನಿಮಿರಿಸುತ್ತಿದ್ದವು. ತಾಳಕ್ಕೂ ಅವನಿಗೂ ಅಷ್ಟಕ್ಕಷ್ಟೆ. ಧ್ವನಿ ಕೊಡುವಾಗ ಮಾತ್ರ ದೇವರು ಕೈ ಬಿಗಿಹಿಡಿದಿರಲಿಲ್ಲ. ಒಂದು ಸಾಲನ್ನು ಗಡಸಾಗಿ, ಇನ್ನೊಂದನ್ನು ಹೆಣ್ಣುದನಿಯಲ್ಲಿ, ಮತ್ತೊಂದನ್ನು ಮುದುಕನಂತೆ ನಡುಗಿಸಿ ಹಾಡುವನು. ಒಳಗೆ ಮಹಾಸಭೆಯೇ ನೆರೆದಿದೆಯೆಂದು ಬೀದಿಯವರಿಗೆ ಅನ್ನಿಸಬೇಕು, ಅದೇ ಅವನ ಹಂಚಿಕೆ.

ಸಭೆಯೆಂದರೆ ಊರಿನ ಐದು ಕ್ರೈಸ್ತ ಮನೆ. ಪಾದ್ರಿಗಳು ಕೊಪ್ಪಳದಿಂದ ಬರುವುದು ಮೂರು ತಿಂಗಳಿಗೊಮ್ಮೆ; ಉಳಿದ ವಾರಗಳೆಲ್ಲ ಸಿಮಿಯೋನಪ್ಪನವೇ. ಹಿಂದಿನ ಪಾದ್ರಿಗಳು ಬಿಟ್ಟುಹೋದ ಕರಿಕೋಟಿಗೆ, ಬಿಸಿಲೆಷ್ಟೇ ಇರಲಿ, ಕೊರಳತನಕ ಗುಂಡಿ ಹಾಕಿ, ಬಲಭುಜ ಮುಂದೆಮಾಡಿ, ಸಂತೆಯ ನೂಕಿನಲ್ಲಿ ದಾರಿ ಬಿಡಿಸಿಕೊಳ್ಳುವವನ ಹಾಗೆ ಖಾಲಿ ಓಣಿಯಲ್ಲಿ ನಡೆದುಬರುತ್ತಿದ್ದನು.

ಈ ಹಟದ ಬುಡದಲ್ಲಿ ಒಂದು ಗಾಯವಿತ್ತು. ಮೂವತ್ತಾರನೆಯ ಇಸವಿಯಲ್ಲಿ, ತಮ್ಮವರನ್ನು ಹೂಳಲು ತುಸು ಜಾಗ ಕೇಳಲು ಚಾವಡಿಗೆ ಹೋದಾಗ, ಊರ ಹಿರಿಯನೊಬ್ಬ, "ನಿಮ್ಮ ಮನಿ ಎಣಿಸಾಕ ಒಂದ ಕೈ ಸಾಕಲ್ಲೋ, ನಿಮಗ್ಯಾಕ ಬ್ಯಾರೆ ಜಾಗ?" ಎಂದು ನಕ್ಕಿದ್ದನು. ಹಳ್ಳದ ದಂಡೆಯಲ್ಲಿ ಜಾಗವೇನೋ ಕೊಟ್ಟರು; ಆ ನಗು ಮಾತ್ರ ಸಿಮಿಯೋನಪ್ಪನ ಎದೆಯಲ್ಲಿ ಉಳಿದುಕೊಂಡಿತು. ಸಭೆ ಸಣ್ಣದೆಂದು ಊರಿಗೆ ಕೇಳಿಸಿದರೆ ತಮ್ಮವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಅಂಜಿಕೆ ಅಂದಿನಿಂದ ಅವನನ್ನು ಬಿಡಲಿಲ್ಲ.

ನಲವತ್ತೊಂದರ ಚಳಿಗಾಲದಲ್ಲಿ, ಕ್ರಿಸ್‌ಮಸ್ಸಿಗೆ ಮುಂಚಿನ ಆದಿತ್ಯವಾರ, ಆ ಕಂಠವೇ ಕೈಕೊಟ್ಟಿತು. ಹೆಂಡತಿ ಗಾಳೆಮ್ಮ ಅರಿಸಿನದ ಹಾಲು ಕುಡಿಸಿದಳು, ಮೆಣಸು ಜಗಿಸಿದಳು. ದನಿ ಪಿಸುಮಾತಿಗಿಂತ ಮೇಲೆ ಏಳಲಿಲ್ಲ. ಮಂದಿರಕ್ಕೆ ಬಂದವನು ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಮೂಲೆಯಲ್ಲಿ ಕುಳಿತು, "ಕಿಟಕಿ ಹಾಕ" ಎಂದನು.

"ಯಾಕ ಹಾಕಬೇಕರಿ? ನಾವೇನ ಕದ್ದ ಹಾಡ್ತೀವಿ?" ಎಂದ ಗಾಳೆಮ್ಮ ತಾನೇ ಕೀರ್ತನೆ ಎತ್ತಿದಳು. ಮೊದಲು ಸಣ್ಣಗೆ. ಹಲ್ಲಿಲ್ಲದ ಮುದುಕಿಯೊಬ್ಬಳು ದನಿ ಕೂಡಿಸಿದಳು. ಆಮೇಲೆ ಗಂಡಸರು, ಮಕ್ಕಳು. ಇಷ್ಟು ವರ್ಷ ತನ್ನ ಗದ್ದಲದಡಿ ಮುಚ್ಚಿಹೋಗಿದ್ದ ಆ ದನಿಗಳನ್ನು ಸಿಮಿಯೋನಪ್ಪ ಅಂದು ಮೊದಲ ಸಲ ಕೇಳಿದನು. ಅವನ ಕಣ್ಣು ತುಂಬಿ ಬಂತು.

ಹೊರಗೆ ಬೇವಿನ ಮರದಡಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಜಿಲಾನಸಾಬ ಪ್ರಾರ್ಥನೆ ಮುಗಿದೊಡನೆ ಅವನನ್ನು ತಡೆದು ಕೇಳಿದನು: "ಏನ್ರಿ ಸಿಮಿಯೋನಪ್ಪ, ಇವತ್ತ ಪರಊರ ಮಂದಿ ಭಾಳ ಬಂದಾರೇನ್ರಿ? ಹೋದ ಐತವಾರದ ತನಕ ನೀವೊಬ್ರ ಹಾಡ್ತಿದ್ರಿ!"

ಉತ್ತರಿಸಲು ದನಿಯಿರಲಿಲ್ಲ. ಸಿಮಿಯೋನಪ್ಪ ಒಂದು ಕೈಯೆತ್ತಿ, ಐದೂ ಬೆರಳು ಅಗಲಿಸಿ ತೋರಿಸಿದನು. ತೋರಿಸಿ, ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕನು.

ತಿಂಗಳೊಪ್ಪತ್ತಿನಲ್ಲಿ ಕಂಠ ಮರಳಿತು. ಹಾಡುವುದನ್ನು ಬಿಡಲಿಲ್ಲ, ಗಾಳೆಮ್ಮ ಎತ್ತಿದ ಮೇಲೆ ಹಾಡುತ್ತಿದ್ದನು, ಅಷ್ಟೆ. ತಮ್ಮ ಜನದ ಮಾನ ಕಾಯಲು ತಾವೇ ಜನವೆಲ್ಲ ಆಗಹೊರಡುವ ಇಂಥವರನ್ನು ಕಂಡರೆ ನಗು ಬರುತ್ತದೆ, ಪ್ರೀತಿಯೂ ಉಕ್ಕುತ್ತದೆ. ಎಲ್ಲರ ದನಿಯನ್ನೂ ಒಬ್ಬರೇ ಹೊತ್ತು ದಣಿಯುತ್ತಾರೆ. ಒಂದು ದಿನ ಸುಮ್ಮನೆ ಕುಳಿತಾಗಲೇ ತಿಳಿಯುತ್ತದೆ, ಪಕ್ಕದವರು ಮೊದಲಿನಿಂದಲೂ ಹಾಡುತ್ತಲೇ ಇದ್ದರೆಂದು.