ಉಳಿಸಿದ ಪೆಟ್ರೋಲು

"ಇಳೀರ್ಲಾ ಕೇರಿಯೋರು! ಕಿವಿ ಕೇಳ್ಸಾಕಿಲ್ವಾ?"

ಕೂಗಿದವನು ಮಧುಗಿರಿ-ಪಾವಗಡ ಬಸ್ಸಿನ ಕ್ಲೀನರ್ ಚಿಕ್ಕಹನುಮಯ್ಯ. ಅವನೂ ಕೇರಿಯವನೇ. ಮಿಡಿಗೇಶಿ ದಾಟಿದ ಮೇಲೆ ಸಿಗುವ ಏರಿನಲ್ಲಿ ಮೋಟಾರು ಏದುಸಿರು ಬಿಡತೊಡಗಿದ ಕೂಡಲೇ ಹೀಗೆ ಕೂಗುವುದು ಅವನ ಕೆಲಸ. ಎರಡನೇ ಮಹಾಯುದ್ಧ ಶುರುವಾಗಿ ನಾಲ್ಕನೇ ವರ್ಷ. ಪೆಟ್ರೋಲಿಗೆ ಕೂಪನ್ನು ಬಂದಿತ್ತು. ಭಾರ ಇಳಿದರೆ ಪೆಟ್ರೋಲು ಉಳಿಯುತ್ತದೆ ಎಂಬುದನ್ನು ಯಜಮಾನ ಶಂಕರಲಿಂಗಪ್ಪ ಕಂಡುಕೊಂಡಿದ್ದ. ಯಾರು ಇಳಿಯಬೇಕೆಂದು ಯಾರೂ ಕೇಳಲಿಲ್ಲ. ಹಿಂದುಗಡೆ ನೆಲದ ಮೇಲೆ ಕೂತವರು ಇಳಿದು ತಳ್ಳುತ್ತಿದ್ದರು. ಟಿಕೇಟಿನ ದುಡ್ಡು ಮಾತ್ರ ಬೆಂಚಿನವರಷ್ಟೇ.

ಆ ದಿನ ಇಳಿಯಬೇಕಾದವರಲ್ಲಿ ಅವನ ತಾಯಿ ಕೊಲ್ಲಾಪುರಮ್ಮನೂ ಇದ್ದಳು. ಮಗಳ ಬಾಣಂತನಕ್ಕೆಂದು ಪಾವಗಡಕ್ಕೆ ಹೊರಟಿದ್ದಳು. ಮಗ ಕೆಲಸ ಮಾಡುವ ಬಸ್ಸು ಹತ್ತಿದ್ದು ಅದೇ ಮೊದಲು. 'ನೀನ್ ಕುಂತ್ಕೊ' ಎನ್ನುವ ಮಾತು ಅವನ ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಮುಂದಿನ ಸೀಟಿನಿಂದ ಶಂಕರಲಿಂಗಪ್ಪ ತಿರುಗಿದ.

"ಆ ಮುದ್ಕಿ ಏನ್ ಬಸ್ರೇನ್ಲಾ? ಇಳ್ಸಲೇ ಬೋಳಿಮಗ್ನೆ!"

ಬೆಂಚಿನವರು ನಕ್ಕರು. "ಇಳಿಯವ್ವ" ಎಂದ ಚಿಕ್ಕಹನುಮಯ್ಯ. ಯಾವುದೋ ಮುದುಕಿಯನ್ನು ಕರೆದಂತೆ ಕೇಳಲೆಂದು ಮುಖವನ್ನು ಬೇರೆ ಕಡೆ ತಿರುಗಿಸಿದ. ಅವಳಿಗೆ ಅರ್ಥವಾಯಿತು.

"ಬಂದೆ ಸ್ವಾಮಿ" ಎಂದಳು.

ಹೆತ್ತ ಮಗನಿಗೆ ಸ್ವಾಮಿ ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳಿದಳು. ಅರ್ಧ ಏರಿಗೆ ಕಾಲು ಜಾರಿ ಬಿದ್ದು ಮೊಣಕಾಲು ತರಚಿತು. ಅವನು ನೋಡಿಯೂ ನೋಡದವನಂತೆ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ.

ಏರು ಮುಗಿದದ್ದೇ ಡ್ರೈವರ್ ರೇಣುಕಯ್ಯ ಎಂಜಿನ್ ಆರಿಸಿದ. ಇಳಿಜಾರು ಮುಗಿಯುವವರೆಗೂ ಬಸ್ಸು ಸದ್ದಿಲ್ಲದೆ ಉರುಳಿತು. ಅವನು ಗಟ್ಟಿಗ. ಟೈರಿನ ಗಾಳಿ ಕಮ್ಮಿಯಾಗಲು ಬಿಡುತ್ತಿರಲಿಲ್ಲ. ಪೆಡಲನ್ನು ಪಾದದ ಕೆಳಗೆ ಮೊಟ್ಟೆಯಿದ್ದಂತೆ ತುಳಿಯುತ್ತಿದ್ದ. ಹೀಗೆ ಉಳಿಸಿದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ಚಿಕ್ಕಹನುಮಯ್ಯನಿಗೆ ಗೊತ್ತಿತ್ತು.

ಪಾವಗಡದಲ್ಲಿ ಬಸ್ಸನ್ನು ಛತ್ರದ ಹಿಂದೆ ನಿಲ್ಲಿಸಿದರು. ಅವನು ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಬಿಟ್ಟು ಬಾಯಲ್ಲಿ ಎಳೆದು, ಪೆಟ್ರೋಲು ಬಂದೊಡನೆ ಉಗಿದು ಕೊಳವೆಯನ್ನು ಡಬ್ಬಿಗೆ ಬಿಟ್ಟ. ಬಾಯೊಳಗೆಲ್ಲ ಹುಣ್ಣು. ಖಾರ ತಿಂದು ವರ್ಷವಾಗಿತ್ತು. ನೀರು ಹುಡುಕಿಕೊಂಡು ಬಂದ ಕೊಲ್ಲಾಪುರಮ್ಮ ಹಿಂದೆ ನಿಂತಿದ್ದಳು.

"ಅದ್ಯಾಕ್ಲಾ ಮಗ ಕುಡೀತೀಯ?"

"ಕುಡ್ಯಾದಲ್ಲ ಕಣವ್ವ, ಎಳ್ಯಾದು. ತುಮಕೂರ್ನಾಗೆ ಗ್ಯಾಲನ್ನು ಎರಡು ರೂಪಾಯಿ ಒಳ್ಗೆ. ಇಲ್ಲಿ ಪಂಪಿಲ್ಲ, ಕೂಪನ್ನೂ ಸಾಲಾಕಿಲ್ಲ. ಗಿರಣಿಯೋರು ಯಜಮಾನ್ರಿಗೆ ಆರು ರೂಪಾಯಿ ಕೊಡ್ತಾರೆ."

"ಅದೇ ಎಣ್ಣೆಗಾ?"

"ಅದೇ ಎಣ್ಣೆಗೆ."

ಅವಳು ಬಗ್ಗಿ ಮೊಣಕಾಲಿಗೆ ಮೆತ್ತಿದ್ದ ಮಣ್ಣು ಒರೆಸಿಕೊಂಡಳು. "ಅಂಗಾರೆ ನಾವ್ ಏರಿನಾಗೆ ತಳ್ಳಿದ್ದು ಈ ಡಬ್ಬಿಗಾ?"

ಅವನು ಕೊಳವೆಯ ತುದಿಯನ್ನು ಡಬ್ಬಿಯೊಳಗೆ ಇನ್ನಷ್ಟು ತುರುಕಿದ.

"ಏಮ್ರಾ ಇದಿ?" ಇದೇನೋ ಎಂದು ತೆಲುಗಿನಲ್ಲಿ ಕೇಳುತ್ತ ಗೋಡೆಯ ಮೂಲೆಯಲ್ಲಿ ಪೊಲೀಸು ದಫೇದಾರ ನಿಂತಿದ್ದ. ಕಾಳಸಂತೆಯ ಪೆಟ್ರೋಲು ಹಿಡಿಯಬೇಕೆಂದು ಮೇಲಿನಿಂದ ಹುಕುಂ ಆಗಿತ್ತು. ಸುದ್ದಿ ತಿಳಿದ ಶಂಕರಲಿಂಗಪ್ಪ ಓಡಿ ಬಂದ. ಬಂದವನು ಕಾಲಲ್ಲಿದ್ದ ಚಪ್ಪಲಿ ತೆಗೆದು ಚಿಕ್ಕಹನುಮಯ್ಯನ ಕೆನ್ನೆಗೆ ಬೀಸಿದ.

"ಕಳ್ಳ ನನ್ಮಗ! ಉಂಡ ಮನೇಗೇ ಕನ್ನ ಹಾಕ್ತೀಯೇನ್ಲಾ? ಬಾಯಿ ತೆಗಿ! ನೀವೇ ಮೂಸಿ ನೋಡಿ ಸ್ವಾಮಿ."

ದಫೇದಾರ ಮೂಗಿಗೆ ಕರ್ಚೀಫು ಹಿಡಿದು ನಾಲ್ಕು ಮಾರು ದೂರದಲ್ಲೇ ನಿಂತ. "ಇಲ್ಲೀಗೇ ಹೊಡೀತದೆ ವಾಸ್ನೆ."

ಡಬ್ಬಿಯನ್ನು ತಲೆಯ ಮೇಲೆ ಹೊರಿಸಿ ಪೇಟೆ ಬೀದಿಯಲ್ಲಿ ನಡೆಸಿದರು. ಪೆಟ್ರೋಲು ತುಳುಕಿ ಕಿವಿಗೆ, ಕುತ್ತಿಗೆಗೆ ಇಳಿಯುತ್ತಿತ್ತು. ಠಾಣೆಯ ಮೆಟ್ಟಿಲ ಬಳಿ ಶಂಕರಲಿಂಗಪ್ಪ ದನಿ ತಗ್ಗಿಸಿ, "ಒಪ್ಕೊಂಬುಡು. ನಾಳೀಕೆ ಬಿಡಿಸ್ತೀನಿ. ಇಲ್ದಿದ್ರೆ ನನ್ ಬಸ್ಸಿನ ಕಡೆ ತಲೆ ಹಾಕ್ಬೇಡ" ಎಂದ.

"ನಾನೇ ಕದ್ದೆ ಬುದ್ಧಿ" ಎಂದ ಚಿಕ್ಕಹನುಮಯ್ಯ.

ಜನರ ನಡುವೆ ಅವ್ವ ಇದ್ದಾಳೆಂದು ಗೊತ್ತಿತ್ತು. ತಲೆ ಎತ್ತಲಿಲ್ಲ. ಠಾಣೆಯ ಜಗಲಿಯ ಕಂಬಕ್ಕೆ ಅವನ ಕೈ ಕಟ್ಟಿದರು.

ಮಧುಗಿರಿಗೆ ಹಿಂದಿರುಗುವ ಹೊತ್ತಾಯಿತು. ಜನ ತುಂಬಿಕೊಂಡು ಬಂದ ಬಸ್ಸು ಠಾಣೆಯ ಮುಂದೆ ಗಕ್ಕನೆ ನಿಂತಿತು. ಇಕ್ಕಟ್ಟಿನ ಬೀದಿಯ ನಟ್ಟನಡುವೆ ಕೊಲ್ಲಾಪುರಮ್ಮ ಕೂತಿದ್ದಳು. ರೇಣುಕಯ್ಯ ಹಾರನ್ನು ಒತ್ತಿದ. ಅವಳು ಕದಲಲಿಲ್ಲ.

"ಎದ್ದೋಗೇ ಮುದ್ಕಿ! ಎಣ್ಣೆ ಉರೀತೈತೆ!" ಶಂಕರಲಿಂಗಪ್ಪ ಇಳಿದು ಬಂದ.

"ಉರೀಲಿ."

ಎಳೆದು ಹಾಕಲು ಅವನ ಕೈ ಮುಂದೆ ಹೋಯಿತು. ಮುಟ್ಟುವ ಮೊದಲೇ ಹಿಂದೆ ಬಂತು. ಸುತ್ತ ಅರ್ಧ ಊರೇ ನೋಡುತ್ತಿತ್ತು. ರೇಣುಕಯ್ಯನ ಕಡೆ ನೋಡಿದ. ರೇಣುಕಯ್ಯ, "ನಾನೂ ಮುಟ್ಟಾಕಾಗಾಕಿಲ್ಲ ಯಜಮಾನ್ರೆ. ಎಂಜಿನ್ ಆರಿಸಿದ್ರೆ ಮತ್ತೆ ಹ್ಯಾಂಡ್ಲು ತಿರುಗ್ಸಿ ಚಾಲೂ ಮಾಡೋನೂ ಇಲ್ಲ" ಎಂದು ಜಗಲಿಯ ಕಡೆ ಗೋಣು ತಿರುಗಿಸಿದ.

ಮೋಟಾರು ಗುರುಗುಟ್ಟುತ್ತಲೇ ಇತ್ತು. ಕಪ್ಪು ಹೊಗೆ ಬೀದಿಯ ತುಂಬ ಹರಡಿತು. ಅವಳು ಕೆಮ್ಮುತ್ತಾ ಕೂತೇ ಇದ್ದಳು.

"ಸ್ವಾಮಿ, ಆ ಡಬ್ಬಿ ನಂದಲ್ಲ" ಎಂದ ಚಿಕ್ಕಹನುಮಯ್ಯ.

"ನೋರ್ ಮುಯ್ಯಿ, ಬಾಯ್ಮುಚ್ಚು" ಎಂದ ದಫೇದಾರ, ಕಾಗದದಿಂದ ತಲೆ ಎತ್ತದೆ.

ಚಿಕ್ಕಹನುಮಯ್ಯ ಬೀದಿಗೆಲ್ಲ ಕೇಳುವಂತೆ ಇನ್ನೊಮ್ಮೆ ಕೂಗಿದ. "ಡಬ್ಬಿ ಶಂಕರಲಿಂಗಪ್ಪಂದು! ಅಗೋ, ಅಲ್ಲಿ ಕುಂತಿರೋಳು ನನ್ ಹೆತ್ತವ್ವ. ಅದ್ನೂ ಬರ್ಕೊಳ್ಳಿ!"