ಕೋಟು ತೊಟ್ಟು ಬರೆದ ಉತ್ತರ

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕೆಳಗೆ ತಗಡಿನ ಟಪಾಲು ಡಬ್ಬಿಯ ಮುಚ್ಚಳ ಠಣ್ಣೆಂದು ಬೀಳುತ್ತಿತ್ತು. ಅದರ ಬೆನ್ನಿಗೇ ಮೂರನೆಯ ಮಹಡಿಯಿಂದ ಚಪ್ಪಲಿಯ ಸದ್ದು, ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಬಲಮಂಡಿ ಸರಿಯಾಗಿ ಮಡಿಸಲು ಬಾರದ ಜಯಸಿಂಹರು ಮೆಟ್ಟಿಲನ್ನು ಎದುರುಮುಖವಾಗಿ ಇಳಿಯುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ತುಂಬಿದ ಲೋಕಲ್ ರೈಲಿನಿಂದ ಜನರ ನಡುವೆ ಜಾರಿಕೊಂಡು ಬರುವವರ ಹಾಗೆ ಅಡ್ಡಡ್ಡಲಾಗಿ ಇಳಿಯುತ್ತಿದ್ದರು. ಕಾಗದಗಳನ್ನು ಮೇಲೆ ತಂದ ಮೇಲೆ ಮೊದಲು ಮಾಡುತ್ತಿದ್ದ ಕೆಲಸ ಅವನ್ನು ಒಡೆಯುವುದಲ್ಲ, ಕೋಟು ತೊಡುವುದು. ಮೇ ತಿಂಗಳ ಅಂಧೇರಿಯಲ್ಲಿ, ಗೋಡೆಗಳೂ ಬೆವರುವಂಥ ಸೆಖೆಯಲ್ಲಿ, ಪಂಚೆಯ ಮೇಲೆ ಬೂದು ಕೋಟು ಹಾಕಿ, ಗುಂಡಿಗಳನ್ನೆಲ್ಲ ಸೇರಿಸಿ, ಕಿಟಕಿಯ ಬಳಿಯ ಮೇಜಿನ ಮುಂದೆ ಕುಳಿತು ಅವರು ಉತ್ತರ ಬರೆಯುತ್ತಿದ್ದರು. ಎದುರು ಮನೆಯಲ್ಲಿದ್ದ ನಾನು ಒಮ್ಮೆ ತಡೆಯಲಾರದೆ ಕೇಳಿದ್ದೆ: "ಕಾಗದ ಹಾಕಿದವರು ನಿಮ್ಮೆದುರಿಗೆ ಕೂತಿಲ್ಲವಲ್ಲ, ಕೋಟು ಯಾಕೆ ಸಾರ್?"

"ನನ್ನೆದುರಿಗೆ ಅವರಿಲ್ಲ, ನಿಜ," ಎಂದರು. "ಅವರೆದುರಿಗೆ ನಾನಿದ್ದೀನಲ್ಲಪ್ಪ."

ಜಯಸಿಂಹರು ಮಾರುತ್ತಿದ್ದುದು ಹೆಸರುಗಳನ್ನು. ಸಿನಿಮಾ ತೆಗೆಯುವವರು ಚಿತ್ರದ ಹೆಸರನ್ನು ನಿರ್ಮಾಪಕರ ಸಂಘದಲ್ಲಿ ಮೊದಲು ನೋಂದಾಯಿಸಬೇಕು. ಒಬ್ಬರ ಹೆಸರಿನಲ್ಲಿರುವುದನ್ನು ಇನ್ನೊಬ್ಬರು ಬಳಸುವಂತಿಲ್ಲ, ಬೇಕಿದ್ದರೆ ಅವರನ್ನು ಕೇಳಿ, ಹಣ ಕೊಟ್ಟು ಕೊಳ್ಳಬೇಕು. ನಂಜನಗೂಡಿನಿಂದ ಕಥೆ ಬರೆಯಲು ಬಂದು, ಒಂದು ಚಿತ್ರ ಕಂಪನಿಯ ಮ್ಯಾನೇಜರರಾಗಿ ಇಪ್ಪತ್ತು ವರ್ಷ ಕಳೆದು, ಆ ಕಂಪನಿ ಮುಚ್ಚಿದಾಗ ಅದು ಕಾದಿಟ್ಟಿದ್ದ ಹದಿನಾಲ್ಕು ಹೆಸರುಗಳನ್ನು ಅವರು ವಹಿಸಿಕೊಂಡಿದ್ದರು. ಬರೆಯದೆ ಹೋದ ಕಥೆಗಳಿಗೆ ತಾವೇ ಕಟ್ಟಿದ ಇನ್ನಷ್ಟು ಹೆಸರುಗಳನ್ನೂ ಸೇರಿಸಿದ್ದರು. ಹೆಸರಿನ ವ್ಯಾಪಾರದಲ್ಲಿ ಕೇಳಿದವನಿಗೆ ಉತ್ತರ ಕೊಡದೆ ಸತಾಯಿಸುವುದೇ ಜಾಣತನ ಎಂದು ಆ ಕಾಲದ ಅಂಧೇರಿ ನಂಬಿತ್ತು. ಕಾಯಿಸಿದಷ್ಟೂ ಅವಸರ ಹೆಚ್ಚುತ್ತದೆ, ಅವಸರ ಹೆಚ್ಚಿದಷ್ಟೂ ಬೆಲೆ. ಜಯಸಿಂಹರು ಮಾತ್ರ ಬಂದ ಕಾಗದಕ್ಕೆ ಬಂದ ದಿನವೇ, ಬಂದ ಸರದಿಯಲ್ಲೇ ಉತ್ತರ ಬರೆದು ಮೂರು ಗಂಟೆಯ ಟಪಾಲಿಗೆ ಹಾಕುತ್ತಿದ್ದರು. ಹೆಸರಿಗೊಂದು ಬೆಲೆ; ಕೇಳಿದವರು ಯಾರೇ ಆಗಲಿ ಅದೇ ಬೆಲೆ; ಒಮ್ಮೆ ಹೇಳಿ, ಅವರು ಒಪ್ಪಿದರೆ ಮುಗಿಯಿತು. ಯಾರೋ ಕುಚೋದ್ಯಕ್ಕೆ ಐದು ರೂಪಾಯಿಗೆ ಒಂದು ಹೆಸರು ಕೊಡುತ್ತೀರಾ ಎಂದು ಬರೆದಿದ್ದರು. ಆ ಕಾರ್ಡಿಗೂ ಕೋಟು ತೊಟ್ಟೇ ಬರೆದರು: 'ತಾವು ಹೇಳಿದ ಬೆಲೆಗೆ ಆಗುವುದಿಲ್ಲ. ಹೆಸರು ಮೆಚ್ಚಿದ್ದಕ್ಕೆ ಕೃತಜ್ಞ.'

ದೊಡ್ಡ ನಿರ್ಮಾಪಕರು ತಾವೇ ಕೇಳುತ್ತಿರಲಿಲ್ಲ. ತಮ್ಮ ಹೆಸರು ಕೇಳಿದರೆ ಬೆಲೆ ಏರೀತೆಂದು ಬೇರೆಯವರನ್ನು ಕಳಿಸುತ್ತಿದ್ದರು. ಒಮ್ಮೆ ಅಂಥವರೊಬ್ಬರ ಡ್ರೈವರ್, ಪುತ್ತೂರು ಕಡೆಯ ಐತ, ಯೂನಿಫಾರ್ಮನ್ನೂ ಕಳಚದೆ ಬಂದ.

"ನನಗೇ ಬೇಕಾದ್ದು ಸಾರ್. ನಾನೇ ಒಂದು ಪಿಕ್ಚರ್ ತೆಗೀಲಿಕ್ಕೆ ಹೊರಟಿದ್ದೇನೆ."

"ಬಹಳ ಸಂತೋಷ. ಕೂತ್ಕೊಳ್ಳಿ. ಹಾಡು ಎಷ್ಟು ಇಟ್ಟಿದ್ದೀರಿ?"

ಐತ ಚಾವಣಿ ನೋಡಿದ. "ಹಾಡು... ಆರು ಉಂಟು ಸಾರ್. ಒಂದು ಸ್ವಲ್ಪ ಸಣ್ಣದು."

"ಸಣ್ಣದಿರಲಿ. ಒಳ್ಳೇ ಹಾಡುಗಳು ಸಣ್ಣವೇ." ಕಾಫಿ ಬಂತು. ಐತನಿಗೆ ಧೈರ್ಯ ಬಂದು, ಕ್ಲೈಮ್ಯಾಕ್ಸನ್ನು ಮಂಗಳೂರಿನ ಬಂದರಿನಲ್ಲಿ ತೆಗೆಯುವುದಾಗಿಯೂ ಹೇಳಿದ. ಜಯಸಿಂಹರು ಅವನನ್ನು ನಿರ್ಮಾಪಕನೆಂದೇ ಬಾಗಿಲ ತನಕ ಬೀಳ್ಕೊಟ್ಟು ಬಂದಾಗ ಅವರ ಹೆಂಡತಿ ಕೌಸಲ್ಯಮ್ಮ ಲೋಟ ಎತ್ತಿಕೊಳ್ಳುತ್ತ ಅಂದರು: "ಈ ಊರಲ್ಲಿ ಎಲ್ಲರಿಗೂ ಉತ್ತರ ಸಿಗುತ್ತೆ. ಅಕ್ಕಿ ತಂದಿರಾ ಅಂತ ಬೆಳಗಿಂದ ಕೇಳ್ತಿದ್ದೀನಿ. ನಾನೂ ಒಂದು ಇನ್‌ಲ್ಯಾಂಡ್ ಲೆಟರ್ ಹಾಕ್ಬೇಕೇನೋ."

ಎಂಬತ್ತೇಳರ ಆ ಬೇಸಿಗೆಯಲ್ಲಿ ಖಂಡಪ್ಪನ ಕಾಗದ ಬಂತು. ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಸ್ಟುಡಿಯೋಗಳಲ್ಲಿ ಹದಿನೆಂಟು ವರ್ಷ ಲೈಟು ಹೊತ್ತವನು. ಕುರ್ಲಾದ ಚಾಳಿನಲ್ಲಿ ಮನೆ. ತನ್ನಂಥ ಲೈಟ್‌ಮನ್‌ಗಳನ್ನೇ ಸೇರಿಸಿಕೊಂಡು ಚಿಕ್ಕದೊಂದು ಹಿಂದಿ ಚಿತ್ರ ಮಾಡುತ್ತಿದ್ದ. ಅದಕ್ಕೆ ಅವನಿಟ್ಟ ಹೆಸರು 'ಮಾಂಗೀ ಹುಯೀ ಧೂಪ್', ಕೇಳಿ ಪಡೆದ ಬಿಸಿಲು. ನೋಂದಾಯಿಸಲು ಹೋದಾಗ ತಿಳಿಯಿತು, ಅದೇ ಹೆಸರು ಆರು ವರ್ಷದಿಂದ ಜಯಸಿಂಹರ ಹತ್ತಿರ ಇದೆ ಎಂದು.

ಕಾಗದದ ಮೊದಲ ಪ್ಯಾರಾದಲ್ಲಿ ಹೆಸರು ಕೊಡುತ್ತೀರಾ ಎಂದು ಕೇಳಿದ್ದ. ಎರಡನೆಯದರಲ್ಲಿ, ಕೇಳುವವನು ಎಂದೂ ಹೇಳಬಾರದ್ದನ್ನೆಲ್ಲ ಹೇಳಿದ್ದ: 'ಪಿಕ್ಚರ್ ಮುಕ್ಕಾಲು ಮುಗದೈತ್ರಿ. ಹಾಡಿನ್ಯಾಗೂ ಇದ ಹೆಸರು ಐತಿ. ಇದು ಸಿಗಲಿಲ್ಲಂದ್ರ ನಾ ಮುಳುಗಿದಂಗ.'

ಜಯಸಿಂಹರು ಅದನ್ನು ಓದಿ ಮಡಿಸಿಟ್ಟರು. ಆಮೇಲೆ ಅವರು ಮಾಡಿದ್ದನ್ನು ನಾನು ಬೇರೆ ಯಾವ ವ್ಯಾಪಾರಿಯಲ್ಲೂ ಕಂಡಿಲ್ಲ. ಆ ಕಾಗದವನ್ನೇ ಲಕೋಟೆಗೆ ಹಾಕಿ, ಮೇಲೊಂದು ಚೀಟಿ ಇಟ್ಟು ಹಿಂದಿರುಗಿಸಿದರು: 'ಇದು ನನಗೆ ಬಂದಿಲ್ಲವೆಂದೇ ತಿಳಿಯುತ್ತೇನೆ. ಎರಡನೆಯ ಪ್ಯಾರಾ ಬಿಟ್ಟು ಇನ್ನೊಮ್ಮೆ ಬರೆಯಿರಿ.'

"ಬೆಲೆ ಬರೆದು ಕಳಿಸಿದ್ದರೆ ಮುಗೀತಿತ್ತಲ್ಲ ಸಾರ್?" ಎಂದೆ.

"ಅವರ ಕಷ್ಟ ನೋಡಿ ಏರಿಸಿದರೆ ಸುಲಿಗೆ, ಇಳಿಸಿದರೆ ಭಿಕ್ಷೆ. ಇದ್ದದ್ದನ್ನೇ ಹೇಳಿದರೂ ಇವರು ದಯೆ ತೋರಿಸಿದರು ಅಂತ ಜೀವನಪೂರ್ತಿ ತಲೆ ತಗ್ಗಿಸ್ತಾರೆ. ಆತ ಕೊಳ್ಳೋಕೆ ಬಂದಿರೋದು, ಬೇಡೋಕಲ್ಲ."

ಮಾರನೆಯ ದಿನ ನಾಣಿಯ ಕಾಗದ ಬಂತು. ನಾಣಿ ಮೈಸೂರಿನವನು, ಚಿತ್ರರಂಗದ ದಲ್ಲಾಳಿ, ಕೌಸಲ್ಯಮ್ಮನ ಕೈಯ ಬಿಸಿಬೇಳೆ ಭಾತು ಎಷ್ಟೋ ಸಲ ಉಂಡವನು. ಖಂಡಪ್ಪನ ಚಿತ್ರವನ್ನು ಅಗ್ಗಕ್ಕೆ ಹೊಡೆಯಲು ನೋಡಿ ಸೋತಿದ್ದ ಹಂಚಿಕೆದಾರನೊಬ್ಬನ ಪರವಾಗಿ ಬರೆದಿದ್ದ: 'ಆ ಧೂಪ್ ಹೆಸರು ನಮಗೆ ಬೇಕು. ಬೆಲೆ ನೀವು ಹೇಳಿದ್ದು. ಲೈಟ್‌ಮನ್ ಬಂದರೆ ಇಲ್ಲ ಅನ್ನಿ ಸಾಕು. ಆಮೇಲೆ ಅವನೇ ಬಂದು ನಮ್ಮ ಕಾಲು ಹಿಡಿಯುತ್ತಾನೆ.'

ಜಯಸಿಂಹರು ತಮ್ಮ ಸೌಜನ್ಯಕ್ಕೆ ತಾವೇ ಸಿಕ್ಕಿಬಿದ್ದಿದ್ದರು. ಖಂಡಪ್ಪನ ಕಾಗದ ಬಂದಿಲ್ಲವೆಂದ ಮೇಲೆ ಸರದಿಯಲ್ಲಿ ಮೊದಲಿನವನು ನಾಣಿ. ಬೆಲೆ ಬರೆದರೆ ಹೆಸರು ಅವನ ಪಾಲಾಗುತ್ತದೆ. ಮಾರುವುದಿಲ್ಲ ಎಂದು ಬರೆದರೆ ಸುಳ್ಳು. ನಾಳೆ ಖಂಡಪ್ಪನಿಗೆ ಮಾರಬೇಕಲ್ಲ. ಬೇರೆಯವರು ಮೊದಲೇ ಕೇಳಿದ್ದಾರೆ ಎನ್ನೋಣವೆಂದರೆ, ಹಾಗೆ ಕೇಳಿದ ಕಾಗದವನ್ನು ಅವರ ಕೈಯೇ ಹಿಂದಿರುಗಿಸಿತ್ತು. ಉಳಿದದ್ದು ಒಂದೇ, ಅವರು ಯಾರಿಗೂ ಎಂದೂ ಮಾಡಿರದ ಅವಮಾನ: ಉತ್ತರ ಕೊಡದೆ ಸುಮ್ಮನಿರುವುದು.

ಅಂದು ಮೂರರ ಟಪಾಲು ಹೋಯಿತು. ಮೇಜಿನ ಮೇಲೆ ಬಿಳಿ ಹಾಳೆ ಹಾಗೇ ಇತ್ತು. ಮಾರನೆಯ ದಿನವೂ ಇತ್ತು. ಕೋಟು ಮಾತ್ರ ಮೈಮೇಲಿಂದ ಇಳಿಯಲಿಲ್ಲ.

"ಕೋಟು ಹಾಕ್ಕೊಂಡೇ ಊಟಕ್ಕೆ ಕೂರ್ತೀರಾ?" ಎಂದರು ಕೌಸಲ್ಯಮ್ಮ.

"ಇನ್ನೂ ಒಂದು ಬಾಕಿ ಇದೆ."

"ಆ ನಾಣಿಗೆ ನಾನು ಹೇಳ್ಲಾ ಉತ್ತರ? ಬಾಯಲ್ಲೇ ಹೇಳ್ತೀನಿ, ಸ್ಟ್ಯಾಂಪು ಖರ್ಚೂ ಇಲ್ಲ."

ಜಯಸಿಂಹರು ನಗಲಿಲ್ಲ. ಕುರ್ಲಾಕ್ಕೆ ಹೋಗಿ ಖಂಡಪ್ಪನನ್ನು ಕರೆತರಲೇ ಎಂದು ನಾನು ಕೇಳಿದೆ. ಮಾರುವವರು ಕೊಳ್ಳುವವರ ಬಾಗಿಲಿಗೆ ಹೋಗಿ ಅವಸರಿಸಬಾರದು ಎಂದರು. ಒಂದು ನಿಯಮ ಮುರಿಯುತ್ತಿದ್ದವರು ಮಿಕ್ಕವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದರು.

ಐದನೆಯ ದಿನ ಖಂಡಪ್ಪನೇ ಬಂದ. ದಹಿಸರ್‌ನಲ್ಲಿ ಶೂಟಿಂಗಿಗೆ ಲೈಟು ಹಿಡಿಯಲು ಹೋಗಿದ್ದನಂತೆ. ಕೈಯಲ್ಲಿ ಸುಟ್ಟ ಕಲೆಗಳು, ಕಣ್ಣಲ್ಲಿ ನಿದ್ದೆಯಿಲ್ಲ.

"ಕಾಗದಾ ಹೊಳ್ಳಿ ಬಂದದ್ದು ನೋಡಿ, ಕೊಡಂಗಿಲ್ಲಂತ ಅನ್ಕೊಂಡೆ ನೋಡ್ರಿ. ನಮ್ಮಾಕಿ ಸುಂದ್ರವ್ವ ಚೀಟಿ ಓದಿ ಬೈದ್ಲು. ಮತ್ತ ಬರೀರಿ ಅಂದಾರ, ಅಕ್ಷರಾ ಬರೂದಿಲ್ಲೇನ್ ನಿಮಗ ಅಂದ್ಲು. ಸಾಹೇಬ್ರ, ಹೆಸರು..."

"ಬರೆದುಕೊಡಿ," ಎಂದು ಜಯಸಿಂಹರು ಅವನ ಮಾತು ತಡೆದು ಹಾಳೆ, ಪೆನ್ನು ಮುಂದಿಟ್ಟರು.

ಅವನು ಎರಡು ಸಾಲು ಬರೆದ. ಜಯಸಿಂಹರು ಓದಿ, ಅಲ್ಲೇ ಕುಳಿತು ಉತ್ತರ ಬರೆದು ಅವನ ಕೈಗಿತ್ತರು. ಖಂಡಪ್ಪ ಬೆಲೆಯನ್ನು ಎರಡು ಸಲ ಓದಿದ.

"ಇಷ್ಟ ಏನ್ರಿ? ನಾ ಊರ ಹೊಲಾ ಮಾರಬೇಕಾಗ್ತೈತಿ ಅನ್ಕೊಂಡಿದ್ದೆ."

"ಯಾಕೆ?" ಎಂದರು ಜಯಸಿಂಹರು, ಕನ್ನಡಕ ಸರಿಮಾಡಿಕೊಂಡು. "ನಿಮಗೇನಾದರೂ ವಿಶೇಷ ಅವಸರ ಇತ್ತೇ?"

ಖಂಡಪ್ಪ ಅವರ ಮುಖ ನೋಡಿದ. "ಇಲ್ರಿ," ಎಂದ, ಬೆನ್ನು ನೆಟ್ಟಗೆ ಮಾಡಿ. "ಏನೂ ಅವಸರಿದ್ದಿಲ್ಲ." ಒಪ್ಪಿಗೆಯ ಸಹಿ ಹಾಕಿ, ತಲೆಯೆತ್ತಿಕೊಂಡೇ ಮೆಟ್ಟಿಲಿಳಿದು ಹೋದ.

ಯಾರೂ ಪರೀಕ್ಷಿಸದ ಕಡೆ ತಮಗೆ ತಾವೇ ನಿಯಮ ಹಾಕಿಕೊಂಡು ಬದುಕುವ ಜನರನ್ನು ನಾವು ವಿಚಿತ್ರ ಸ್ವಭಾವದವರು, ಹಟಮಾರಿಗಳು ಎಂದು ಹಗುರ ಮಾಡಿ ನಗುತ್ತೇವೆ. ಅವರ ಘನತೆ ನಿಯಮ ಪಾಲಿಸಿದ ಸಾವಿರ ದಿನಗಳಲ್ಲಿ ಕಾಣುವುದೇ ಇಲ್ಲ. ಇನ್ನೊಬ್ಬರ ಮಾನಕ್ಕಾಗಿ ಅದನ್ನು ಮುರಿದು, ಮುರಿದದ್ದಕ್ಕೆ ನೆಪ ಹುಡುಕದೆ, ಆ ನೋವನ್ನು ಒಬ್ಬರೇ ಹೊತ್ತುಕೊಂಡ ಒಂದು ದಿನದಲ್ಲಿ ಕಾಣುತ್ತದೆ. ಅಂಥವರು ತಪ್ಪು ಮಾಡುವುದಿಲ್ಲ ಎಂದಲ್ಲ. ಅವರ ತಪ್ಪಿನ ಲಾಭ ಯಾವಾಗಲೂ ಬೇರೆಯವರಿಗೆ ಹೋಗುತ್ತದೆ.

ಅದೇ ಸಂಜೆ ಸ್ಟೇಷನ್ನಿನ ಹಾದಿಯಲ್ಲಿ, ಬಾಳೆಹಣ್ಣಿನ ಗಾಡಿಯ ಬಳಿ, ನಾನೂ ಜಯಸಿಂಹರೂ ಹೋಗುತ್ತಿದ್ದಾಗ ನಾಣಿ ಅಡ್ಡ ನಿಂತ.

"ಏನ್ ಸಿಂಹಣ್ಣ, ಐದು ದಿನ ಆಯ್ತು, ಜವಾಬೇ ಇಲ್ಲ! ಮುನ್ಸಿಪಾಲ್ಟಿ ನೀರಿಗಿಂತ ಕರೆಕ್ಟಾಗಿ ಬರ್ತಿತ್ತಲ್ಲ?"

"ಹೆಸರು ಮಾರಿ ಆಯ್ತು ನಾಣಿ. ತಡ ಆದದ್ದಕ್ಕೆ ಕ್ಷಮಿಸಬೇಕು."

"ಲೈಟ್‌ಮನ್‌ಗಾ?" ನಾಣಿ ನಕ್ಕ, ಆದರೆ ನಗು ಮುಖದಲ್ಲಿ ಉಳಿಯಲಿಲ್ಲ. "ಹೋಗ್ಲಿ ಬಿಡಿ, ಧಂಧಾ ಅಂದ್ಮೇಲೆ ಇದ್ದದ್ದೇ. ಒಂದೇ ಒಂದು ಹೇಳಿ. ಅವನ ಕಾಗದ ಮೊದಲು ಬಂತಾ, ನಂದು ಮೊದಲು ಬಂತಾ? ನೀವು ಹೇಳಿದ್ದನ್ನ ನಾನು ನಂಬ್ತೀನಿ. ಇಡೀ ಅಂಧೇರಿ ನಂಬುತ್ತೆ."

ಜಯಸಿಂಹರು ಬಾಯಿ ತೆರೆದರು. ನಾನು ಅವರನ್ನೇ ನೋಡುತ್ತಿದ್ದೆ, ನಾಣಿಯೂ ನೋಡುತ್ತಿದ್ದ. ಅವರು ಬಾಯಿ ಮುಚ್ಚಿ, ನಾಣಿಯ ಭುಜವನ್ನು ಒಮ್ಮೆ ಮೆಲ್ಲಗೆ ಮುಟ್ಟಿ, ಕಚೇರಿ ಬಿಟ್ಟು ಬರುತ್ತಿದ್ದ ಜನರ ನಡುವೆ ಅಡ್ಡಡ್ಡಲಾಗಿ ನುಸುಳುತ್ತ ಹೊರಟುಹೋದರು.