ಹಸಿರು ಪಟ್ಟಿಯ ಅಳಿಯ

ದೋಣಿಗಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ಧರ್ಮನಿಗೆ ತನ್ನ ಯಮಹಾ ಬೈಕಿನ ಮೇಲೆ ಎಷ್ಟು ನಂಬಿಕೆಯೋ ತನ್ನ ಮೇಲೂ ಅಷ್ಟೇ ನಂಬಿಕೆ. ಘಾಟಿಯ ತಿರುವುಗಳಲ್ಲಿ ತನ್ನನ್ನು ಹಿಂದೆ ಹಾಕುವವನು ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿರಲಿಲ್ಲ. ಬೇರೆ ಯಾರಾದರೂ ಹೇಳಿದರೆ ಬೇಡವೆನ್ನುತ್ತಲೂ ಇರಲಿಲ್ಲ. ಅವನ ಬೈಕಿನ ಸದ್ದು ಕೇಳಿದರೆ ಲೈನ್‌ಮನೆಗಳ ಕೂಲಿ ಜನ ರಸ್ತೆ ಬಿಟ್ಟು ಕಾಫಿ ಗಿಡಗಳ ಮಧ್ಯೆ ನುಗ್ಗಿ ನಿಲ್ಲುತ್ತಿದ್ದರು. ಅದನ್ನು ಅವನು ಮರ್ಯಾದೆ ಎಂದು ತಿಳಿದಿದ್ದ.

ಹೆಂಡತಿ ರಶ್ಮಿತಾ ಸಕಲೇಶಪುರದ ಶಾಲೆಯೊಂದರಲ್ಲಿ ಟೀಚರು. ಮದುವೆಯಾದ ಹೊಸದರಲ್ಲಿ ದಿನಾ ಅವನ ಹಿಂದೆಯೇ ಕೂತು ಹೋಗಿ ಬರುತ್ತಿದ್ದಳು. ಒಂದು ಸಂಜೆ ತಿರುವಿನಲ್ಲಿ ಬೈಕು ಮಲಗಿದ ರಭಸಕ್ಕೆ ಅವಳ ಕಾಲಿನ ಚಪ್ಪಲಿ ಹಾರಿ ಕೆಳಗಿನ ಕೊರಕಲಿಗೆ ಬಿತ್ತು. ನಿಲ್ಲಿಸಿ ಎಂದು ಅವಳು ಬೆನ್ನಿಗೆ ಬಡಿದಳು. ಹೆಂಡತಿ ಹುರಿದುಂಬಿಸುತ್ತಿದ್ದಾಳೆಂದು ತಿಳಿದ ಧರ್ಮ ಇನ್ನಷ್ಟು ಜೋರು ಮಾಡಿದ. ಮನೆಯ ಅಂಗಳದಲ್ಲಿ ಇಳಿದ ಮೇಲೆ ಅವಳ ಬರಿಗಾಲು ನೋಡಿ, ಇನ್ನೊಂದು ಚಪ್ಪಲಿ ಎಲ್ಲಿ ಎಂದು ಅವನೇ ಕೇಳಿದ. ರಶ್ಮಿತಾ ಜಗಳವಾಡಲಿಲ್ಲ. ಮಾರನೆಯ ದಿನದಿಂದ ಬಸ್ಸಿಗೆ ಹೋದಳು, ಅಷ್ಟೆ. ಜಗಳವಾಡಿದ್ದರೇ ವಾಸಿಯಿತ್ತು. ಸ್ಟಾಪಿನಲ್ಲಿ ಅವಳನ್ನು ಕಂಡವರೆಲ್ಲ ಆಮೇಲೆ ಧರ್ಮನನ್ನು ಹಿಡಿದು, ಯಾಕೆ ರೈಟರೇ, ಬೈಕು ರಿಪೇರಿನಾ ಎಂದು ಕೇಳುವುದು ತಪ್ಪುತ್ತಿತ್ತು.

ಹೀಗೆ ನಡೆದಿರುವಾಗ, 2003ರ ಬೇಸಿಗೆಯ ಮೊದಲಲ್ಲಿ, ಪೆಟ್ರೋಲ್ ಬಂಕಿನ ಗೋಡೆಗೆ ಒಂದು ಪೋಸ್ಟರ್ ಬಿತ್ತು. ಬೈಕ್ ಹುಚ್ಚಿನವರು ಸೇರಿ ಕಟ್ಟಿಕೊಂಡ ಒಂದು ಕ್ಲಬ್ಬು, ಕೆ. ಹೊಸಕೋಟೆ ಕಡೆ ಕೊಯ್ಲಾದ ಗದ್ದೆಬಯಲನ್ನು ಮಟ್ಟ ಮಾಡಿ ಟ್ರ್ಯಾಕ್ ಮಾಡಿಸಿತ್ತು. ರೇಸ್ ಅಲ್ಲ, ಬಿದ್ದು ಕೈಕಾಲು ಮುರಿದುಕೊಳ್ಳದ ಹಾಗೆ ಬೈಕ್ ಓಡಿಸುವುದನ್ನು ಒಂದು ಭಾನುವಾರ ಪೂರ್ತಿ ಕಲಿಸುತ್ತಾರೆ. ಬಂದವರ ಕೈ ಎಷ್ಟು ಪಳಗಿದೆಯೆಂದು ನೋಡಿ ಮೂರು ಗುಂಪು ಮಾಡುತ್ತಾರೆ. ರಶ್ಮಿತಾ ಗಂಡನ ಹೆಸರನ್ನು ಕೊಟ್ಟು ಬಂದಳು. ಅವನೊಬ್ಬನೇ ಹೋದರೆ ಹೋಗಿಬಂದೆನೆಂದು ಹೇಳಿ ಎಲ್ಲಾದರೂ ಕಾಫಿ ಕುಡಿದು ಬಂದಾನು ಎನ್ನಿಸಿ, ಕಾವಲಿಗೆ ತನ್ನ ಅಪ್ಪನ ಹೆಸರನ್ನೂ ಸೇರಿಸಿದಳು.

ಅಪ್ಪ ಶಾಂತಮಲ್ಲಪ್ಪ, ಪಾಳ್ಯದವರು. ಬಸ್ ಡ್ರೈವರಾಗಿ ನಿವೃತ್ತರಾಗಿ, ಈಗ ಅಣ್ಣ ರುದ್ರಯ್ಯನವರ ತುಂಬಿದ ಮನೆಯಲ್ಲಿದ್ದುಕೊಂಡು ರಾಗಿ ಹೊಲ ನೋಡಿಕೊಳ್ಳುತ್ತಿದ್ದರು. ಅವರದೊಂದು ಹಳೆಯ ಬುಲೆಟ್. ಅದನ್ನು ಅವರು ಓಡಿಸುತ್ತಿದ್ದದ್ದು ಮದುವೆ ದಿಬ್ಬಣದ ಗತಿಯಲ್ಲಿ. ಮಾವ ಪಾಳ್ಯ ಬಿಟ್ಟರು ಎಂದು ಫೋನ್ ಬಂದರೆ, ಈಗ ರಾಗಿ ಬೀಸಲು ಶುರುಮಾಡಿದರೂ ಹೊತ್ತಿಗಾಗುತ್ತೆ ಎಂದು ಧರ್ಮ ಹೆಂಡತಿಯನ್ನು ರೇಗಿಸುತ್ತಿದ್ದ. ಆ ಮಾತು ಮಾವನ ಕಿವಿಗೂ ಬಿದ್ದಿತ್ತು. ಅವರು ನಕ್ಕಿದ್ದರು. ಮರೆತಿರಲಿಲ್ಲ.

ಭಾನುವಾರ ಬೆಳಿಗ್ಗೆ ಗದ್ದೆಬಯಲಿನಲ್ಲಿ ಮೊದಲು ಎದುರಾದವಳು ಆತಿಕಾ. ಕಲಿಸಲು ಬಂದಿದ್ದ ನಸ್ರುಲ್ಲಾ ಸಾಹೇಬರ ಮಗಳು, ಕಾಲೇಜು ಹುಡುಗಿ. ಟೈರು, ಚೈನು, ಬ್ರೇಕು, ಹೆಲ್ಮೆಟ್ಟು ಎಲ್ಲವನ್ನೂ ಅವಳು ನೋಡಿ ಸರಿ ಎಂದರೆ ಮಾತ್ರ ಒಳಗೆ ಬಿಡುವುದು. ಧರ್ಮ ಯಾರದೋ ಹೆಲ್ಮೆಟ್ಟು ಕೇಳಿ ತಂದು ಹಾಕಿಕೊಂಡಿದ್ದ. ಅವಳು ಅದನ್ನು ಹಿಡಿದು ಅಲ್ಲಾಡಿಸಿದಳು. ಹೆಲ್ಮೆಟ್ಟು ಗಿರ್ರನೆ ತಿರುಗಿ ಅವನ ಕಿವಿ ಇರಬೇಕಾದ ಕಡೆ ಗಾಜು ಬಂತು. ತಲೆ ಎಲ್ಲೂ ಹೋಗಲಿಲ್ಲ. ಅಣ್ಣ, ಇದನ್ನ ಹಾಕ್ಕೊಳ್ಳೋದೂ ಒಂದೇ, ಪಾತ್ರೆ ಕವುಚ್ಕೊಳ್ಳೋದೂ ಒಂದೇ ಎಂದು ಹೇಳಿ ಕ್ಲಬ್ಬಿನ ಹೆಲ್ಮೆಟ್ಟೊಂದನ್ನು ಕೊಟ್ಟಳು. ಚೈನನ್ನೂ ಬಿಗಿ ಮಾಡಿಸಿದಳು. ಬುಲೆಟ್ಟನ್ನು ಸುತ್ತಿ ನೋಡಿ, ತಪ್ಪೇನೂ ಸಿಗದೆ ಮುಂದೆ ಕಳಿಸಿದಳು.

ನಸ್ರುಲ್ಲಾ ಸಕಲೇಶಪುರದ ಕಾಫಿ ವ್ಯಾಪಾರಿ. ಹರೆಯದಲ್ಲಿ ಮದ್ರಾಸಿನ ಕಡೆ ರೇಸುಗಳಿಗೆ ಹೋಗಿ ಬಂದವರು. ಅಲ್ಲಿ ಗೆದ್ದ ಕಪ್ ಯಾವುದೂ ಉಳಿದಿರಲಿಲ್ಲ, ಎಡಗಾಲಿನ ಕುಂಟು ಉಳಿದಿತ್ತು. ಯಾರು ಯಾವ ಗುಂಪಿಗೆ ಸೇರುತ್ತೀರಿ ಎಂದು ಅವರು ಕೇಳಿದಾಗ ಧರ್ಮ, ಮಾತು ಮುಗಿಯುವ ಮೊದಲೇ, ಕೆಂಪು ಎಂದ. ಕೆಂಪು ಪಟ್ಟಿ ನುರಿತವರದು, ಹಳದಿ ನಡುವಿನವರದು, ಹಸಿರು ಹೊಸಬರದು. ಆಗಲಿ, ಒಂದು ಸುತ್ತು ಹೋಗಿ ಬನ್ನಿ ಎಂದರು ಸಾಹೇಬರು.

ಧರ್ಮ ಹೋದ. ಧೂಳೆಬ್ಬಿಸಿಕೊಂಡು, ತಿರುವಿನ ಮಧ್ಯೆ ಬ್ರೇಕು ಒತ್ತಿ, ಹಿಂದಿನ ಚಕ್ರ ಜಾರಿಸಿ, ಹೇಗೋ ಎದ್ದು, ಮತ್ತೆ ನುಗ್ಗಿ ಬಂದ. ನಿಂತಾಗ ಚಪ್ಪಾಳೆ ನಿರೀಕ್ಷಿಸಿದ್ದ. ಆತಿಕಾ ಬಂದು ಅವನ ತೋಳಿಗೆ ಹಸಿರು ಪಟ್ಟಿ ಕಟ್ಟಿದಳು. ಬಣ್ಣ ತಪ್ಪಿದೆ ಎಂದು ಅವನು ನಸ್ರುಲ್ಲಾರ ಕಡೆ ತಿರುಗಿದ.

"ತಪ್ಪಿಲ್ಲ ಮಾರಾಯ್ರೇ," ಎಂದರು ಅವರು ಮೆಲ್ಲಗೆ. "ನೀವು ಜೋರಾಗಿ ಹೋಗ್ತೀರಿ, ಇಲ್ಲ ಅನ್ನಲ್ಲ. ಆದ್ರೆ ಮುಂದಿನ ತಿರುವಲ್ಲಿ ಏನ್ ಮಾಡ್ತೀರಿ ಅಂತ ನಂಗೆ ಗೊತ್ತಾಗ್ಲಿಲ್ಲ. ನಿಮಗೂ ಗೊತ್ತಿದ್ದಂಗೆ ಕಾಣ್ಲಿಲ್ಲ. ನಿಮ್ಮ ಹಿಂದೆ ಬರೋನ ಗತಿ ಏನು ಹೇಳಿ."

ಅಷ್ಟರಲ್ಲಿ ಬುಲೆಟ್ಟು ಡುಗುಡುಗು ಎನ್ನುತ್ತ ಸುತ್ತು ಮುಗಿಸಿ ಬಂತು. ಗೆರೆ ಎಳೆದ ಹಾಗೆ ಬಂದಿತ್ತು. ಶಾಂತಮಲ್ಲಪ್ಪನವರಿಗೆ ಹಳದಿ ಪಟ್ಟಿ ಸಿಕ್ಕಿತು. ಅವರು ಅಳಿಯನ ತೋಳನ್ನು ನೋಡಿದರು, ತಮ್ಮ ತೋಳನ್ನು ನೋಡಿಕೊಂಡರು, ಬಿಸಿಲು ಜೋರಾಯ್ತು ಎಂದು ಹೇಳಿ ನೆರಳಿಗೆ ಹೋದರು.

ಹಸಿರು ಗುಂಪಿನಲ್ಲಿ ಧರ್ಮನ ಪಕ್ಕಕ್ಕೆ ನಿಂತವರು ಆಲೂರಿನ ಕಡೆಯ ಅರ್ಚಕರು ಪರಮಶಿವಯ್ಯ. ಹೋದ ದೀಪಾವಳಿಗೆ ಬೈಕು ಕೊಂಡು, ಪೂಜೆ ಮಾಡಿಸಿದ ದಿನ ಹೋದದ್ದಕ್ಕಿಂತ ಹೆಚ್ಚು ದೂರ ಅದನ್ನು ಓಡಿಸಿದವರಲ್ಲ. ಮೊದಲ ಪಾಠ, ಸಾಲಾಗಿ ಇಟ್ಟ ಕಲ್ಲುಗಳ ನಡುವೆ ಕಾಲೂರದೆ ನಿಧಾನವಾಗಿ ಹಾಯುವುದು. ಅರ್ಚಕರು ಪ್ರದಕ್ಷಿಣೆ ಹಾಕಿದಷ್ಟು ಸಲೀಸಾಗಿ ಹಾದುಹೋದರು. ಧರ್ಮ ಪ್ರತಿ ಕಲ್ಲಿಗೂ ಕಾಲೂರಿದ. ನಿಧಾನ ಹೋಗುವುದು ಇಷ್ಟು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಹೋಗಿ ಹಾಗೇ ಮನೆಗೆ ಹೋಗಿಬಿಡಬೇಕೆಂದುಕೊಂಡ. ಮಾವ ನೋಡುತ್ತಿದ್ದರು, ಹೋಗಲಾಗಲಿಲ್ಲ.

ಆಮೇಲೆ ತಿರುವಿನ ಪಾಠ ಬಂತು. ಬ್ರೇಕು ಹಿಡಿಯುವುದೆಲ್ಲ ತಿರುವಿಗೆ ಮೊದಲೇ ಮುಗಿಯಬೇಕು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಕಡೆಗಿರಬೇಕು, ಹೆಗಲು ಸಡಿಲವಿರಬೇಕು ಎಂದು ನಸ್ರುಲ್ಲಾ ಹೇಳಿಕೊಟ್ಟರು. ಧರ್ಮ ಮುಖ ಊದಿಸಿಕೊಂಡೇ ಹಾಗೆ ಮಾಡಿದ. ಬೈಕು ತಾನಾಗಿ ವಾಲಿತು, ತಾನಾಗಿ ಎದ್ದಿತು. ಜಾರಲಿಲ್ಲ, ಎಳೆಯಲಿಲ್ಲ. ಅವನು ಇನ್ನೊಂದು ಸುತ್ತು ಹೋದ. ಮತ್ತೊಂದು ಹೋದ. ಆಗ ಅವನಿಗೆ ತಿಳಿದದ್ದು ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ: ಇಷ್ಟು ವರ್ಷ ಪ್ರತಿ ತಿರುವಿನಲ್ಲೂ ಹಲ್ಲು ಕಚ್ಚಿ ಹ್ಯಾಂಡಲ್ಲನ್ನು ಅವುಚಿ ಹಿಡಿಯುತ್ತಿದ್ದ. ಅದನ್ನು ಅವನು ವೇಗದ ಮಜಾ ಎಂದುಕೊಂಡಿದ್ದ. ಅದು ಬರೀ ಹೆದರಿಕೆ. ಈಗ ಅದು ಇರಲಿಲ್ಲವಾಗಿ ಗೊತ್ತಾಯಿತು.

ಅತ್ತ ಹಳದಿ ಗುಂಪಿನಲ್ಲಿ ಬೇರೆಯೇ ಕಥೆ ನಡೆದಿತ್ತು. ಈ ವಯಸ್ಸಿನಲ್ಲೂ ಏನು ಹಿಡಿತ ಎಂದು ನಾಲ್ಕು ಜನ ಹೊಗಳಿದ್ದು ಶಾಂತಮಲ್ಲಪ್ಪನವರ ತಲೆಗೆ ಏರಿತ್ತು. ಕೆಂಪು ಪಟ್ಟಿ ಕೇಳಬಹುದೇನೋ ಎಂದು ಊಟದ ಹೊತ್ತಿನಲ್ಲಿ ಆತಿಕಾಳನ್ನು ವಿಚಾರಿಸಿಯೂ ಇದ್ದರು. ಹಳದಿಯವರು ತಿರುವಿನಲ್ಲಿ ಒಬ್ಬರನ್ನೊಬ್ಬರು ದಾಟಬಾರದೆಂಬ ಕಟ್ಟಳೆಯಿತ್ತು. ಮೂರು ದಶಕ ಬಸ್ಸು ಓಡಿಸಿ ಒಂದು ಗೀರೂ ಬೀಳಿಸದಿದ್ದ ಮನುಷ್ಯ, ಕೊನೆಯ ಸುತ್ತಿನಲ್ಲಿ, ಮುಂದಿದ್ದ ಕೆಮ್ಮಣ್ಣು ಬಣ್ಣದ ಬೈಕೊಂದನ್ನು ತಿರುವಿನಲ್ಲೇ ದಾಟಲು ಹೋದರು. ಬುಲೆಟ್ಟು ತಿರುಗಲಿಲ್ಲ. ನೆಟ್ಟಗೆ ಹೋಗಿ ಟ್ರ್ಯಾಕಿನ ಅಂಚಿಗೆ ಜೋಡಿಸಿದ್ದ ಹುಲ್ಲಿನ ಪಿಂಡಿಗಳನ್ನು ಒಡೆದುಕೊಂಡು ಗದ್ದೆಯ ಕಾಲುವೆಗೆ ಬಿತ್ತು. ಯಜಮಾನರು ಅದಕ್ಕಿಂತ ಸ್ವಲ್ಪ ಮುಂದೆ ಬಿದ್ದರು.

ಬಾವುಟ ಬೀಸಿ ಎಲ್ಲರನ್ನೂ ನಿಲ್ಲಿಸಿದರು. ಧರ್ಮ ಬೈಕು ಎಲ್ಲಿ ಬಿಟ್ಟನೆಂದು ನೋಡದೆ ಓಡಿದ. ಕಾಲುವೆಯ ಕೆಸರಿನಲ್ಲಿ ಕೂತಿದ್ದ ಮಾವ ಮೊದಲು ಕೇಳಿದ್ದು ಬುಲೆಟ್ ಹೇಗಿದೆ ಎಂದು. ಆಗ ಅವನಿಗೆ ಹೋದ ಜೀವ ಬಂತು. ಹೆಲ್ಮೆಟ್ಟಿನ ಮೇಲೆ ಉದ್ದನೆಯ ಗೀರು ಬಿದ್ದಿತ್ತು, ಒಳಗಿನ ತಲೆಗೆ ಏನೂ ಆಗಿರಲಿಲ್ಲ. ಕ್ಲಬ್ಬಿನವರು ಕರೆಸಿದ್ದ ಡಾಕ್ಟರು ಬಲ ಮಣಿಕಟ್ಟು ಮುಟ್ಟಿ ನೋಡಿ, ಮೂಳೆ ಬಿರುಕು ಬಿಟ್ಟಿರಬೇಕು, ಸಕಲೇಶಪುರದಲ್ಲಿ ಎಕ್ಸ್‌ರೇ ತೆಗೆಸಿ ಎಂದು ಕೈಯನ್ನು ಕೊರಳಿಗೆ ಕಟ್ಟಿದರು. ಜೀಪು ಕೊಡುತ್ತೇನೆಂದರು ನಸ್ರುಲ್ಲಾ. ಶಾಂತಮಲ್ಲಪ್ಪ ಒಪ್ಪಲಿಲ್ಲ. ಜೀಪಿನಲ್ಲಿ ಹೋದರೆ ಸುದ್ದಿ ತಮಗಿಂತ ಮುಂಚೆ ಊರು ಸೇರುತ್ತದೆ, ಅಳಿಯನ ಬೈಕೇ ಸಾಕು ಎಂದರು.

ಹಾಗೆ ಬುಲೆಟ್ಟನ್ನು ಕ್ಲಬ್ಬಿನವರ ವಶಕ್ಕೆ ಬಿಟ್ಟು ಮಾವ ಮೊದಲ ಸಲ ಅಳಿಯನ ಹಿಂದೆ ಕೂತರು. ಧರ್ಮ ಹಳ್ಳ ಕಂಡಲ್ಲೆಲ್ಲ ಗೇರು ಇಳಿಸಿದ, ತಿರುವಿಗೆ ಮೊದಲೇ ಬ್ರೇಕು ಹಿಡಿದ. ಆಲೂರು ದಾಟಿ ಹೆದ್ದಾರಿ ಸೇರಿದ ಮೇಲೆ ಬಸ್ಸೊಂದು ಹಾರ್ನ್ ಹೊಡೆದು ಮುಂದೆ ಹೋಯಿತು.

"ಅಳಿಯಂದ್ರೇ, ಬಸ್ಸು ನಮ್ಮನ್ನ ದಾಟ್ಬುಡ್ತು," ಎಂದರು ಹಿಂದಿನಿಂದ.

"ದಾಟ್ಲಿ ಬುಡಿ ಮಾವ, ಅದ್ಕೇನ್ ಅರ್ಜೆಂಟ್ ಐತೋ."

ಪಾಳ್ಯ ಹತ್ತಿರವಾಯಿತು. ಆ ಹೊತ್ತಿಗೆ ರುದ್ರಯ್ಯನವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತು. ಶಾಂತಮಲ್ಲಪ್ಪ ಕೊರಳ ಪಟ್ಟಿಯ ಮೇಲೆ ಟವೆಲ್ಲು ಎಳೆದುಕೊಂಡರು.

"ಇಲ್ಲೊಂದ್ ಚೂರು ಜೋರಾಗ್ ಹೋಗ್ರಿ. ನಮ್ಮಣ್ಣ ಕಂಡ್ರೆ ಸುಮ್ನೆ ತಲೆ ತಿಂತಾನೆ."

"ಊರೊಳಗೆ ಜೋರಾಗ್ ಹೋಗ್ಬಾರ್ದು ಮಾವ. ಸಾಹೇಬ್ರು ಹೇಳಿಲ್ವಾ."

ಹೇಳಿಕೊಟ್ಟದ್ದನ್ನು ಧರ್ಮ ಅಷ್ಟು ಶ್ರದ್ಧೆಯಿಂದ ಬೇರೆಲ್ಲೂ ಪಾಲಿಸಿರಲಿಲ್ಲ. ಬೈಕು ಟೀ ಅಂಗಡಿಯ ಮುಂದೆ ನಡೆದ ಹಾಗೆ ಹೋಯಿತು. ರುದ್ರಯ್ಯ ಗ್ಲಾಸು ಕೆಳಗಿಟ್ಟು ಎದ್ದು ನಿಂತರು. ಬೆಂಚಿನಲ್ಲಿದ್ದವರೂ ಎದ್ದರು. ಎಲ್ಲರಿಗೂ ನಿಂತು ಉತ್ತರ ಕೊಟ್ಟು, ಟೀ ಕುಡಿದು, ಸಕಲೇಶಪುರದಲ್ಲಿ ಎಕ್ಸ್‌ರೇ ತೆಗೆಸಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ದೋಣಿಗಲ್ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಬಾಗಿಲಿಗೆ ಬಂದ ರಶ್ಮಿತಾ ಅಪ್ಪನ ಕೈ ನೋಡಿದಳು, ಗಂಡನ ಮುಖ ನೋಡಿದಳು. ಅವಳಿಗೆ ಕೇಳಬೇಕಾದದ್ದೇನೂ ಉಳಿಯಲಿಲ್ಲ. ವಯಸ್ಸಾದವರನ್ನು ಕೂರಿಸಿಕೊಂಡಾಗಲಾದರೂ ಬುದ್ಧಿ ಬೇಡವಾ ಎಂದು ಶುರುಮಾಡಿದವಳು ಚಪ್ಪಲಿಯಿಂದ ಹಿಡಿದು ಮದುವೆಯ ಮಾತುಕತೆಯವರೆಗೆ ಹೋದಳು. ಧರ್ಮ ಮಾವನ ಕಡೆ ನೋಡಿದ. ಮಾವ ಸೂರು ನೋಡುತ್ತಿದ್ದರು. ಧರ್ಮ ಬಾಯಿ ಬಿಡಲಿಲ್ಲ. ಒಳ್ಳೆಯತನ ಅಂತಲ್ಲ, ಕಾಲುವೆಯ ಕೆಸರಿನಲ್ಲಿ ಕೂತಿದ್ದ ಆ ಮುಖ ಇನ್ನೂ ಕಣ್ಣ ಮುಂದಿತ್ತು.

ಊಟಕ್ಕೆ ಕೂತಾಗ ಮಗಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅಪ್ಪನ ಬಾಯಿಗಿಡುತ್ತಲೂ ಗಂಡನನ್ನು ಬೈಯುತ್ತಲೂ ಇದ್ದಳು. ಶಾಂತಮಲ್ಲಪ್ಪನವರು ಒಂದು ತುತ್ತು ನುಂಗಿದರು. ಎರಡನೆಯದಕ್ಕೆ ಅವಳ ಕೈಯನ್ನು ತಡೆದರು.

"ಅವರ್ನ ಬೈಬ್ಯಾಡ ಕಣವ್ವ," ಎಂದರು. "ನಾನೇ ಬಿದ್ದೋನು. ನಿನ್ ಗಂಡ ನನ್ನ ಮೊಟ್ಟೆ ತಂದಂಗ್ ತಂದವ್ರೆ."

ಎಲ್ಲಿ ಬಿದ್ದದ್ದು, ಯಾಕೆ ಬಿದ್ದದ್ದು ಎಂದು ಅವಳು ಬಿಡದೆ ಕೇಳಿದಳು. ತಿರುವಿನಲ್ಲಿ ದಾಟಲು ಹೋದೆ ಎಂಬುದು ಹೊರಬಂದಾಗ ರಶ್ಮಿತಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಅಪ್ಪನನ್ನೇ ನೋಡಿ, ನಗು ತಡೆಯಲಾರದೆ ಒಳಗೆ ಹೋದಳು. ಒಳಗಿನಿಂದ ನಗು ಬಹಳ ಹೊತ್ತು ಕೇಳಿಸಿತು. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

ಕೈ ಕೂಡುವವರೆಗೆ ಮಾವ ದೋಣಿಗಲ್ಲಿನಲ್ಲೇ ಉಳಿದರು. ನೋಡಲು ಬಂದವರಿಗೆಲ್ಲ ಬಿದ್ದ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಬುಲೆಟ್ಟಿನ ವೇಗ ಏರುತ್ತ ಹೋಯಿತು. ಧರ್ಮ ತಿದ್ದಲಿಲ್ಲ.

ಅವರ ಬಟ್ಟೆ ತರಲೆಂದು ಒಂದು ಭಾನುವಾರ ಪಾಳ್ಯಕ್ಕೆ ಹೋಗಬೇಕಾಯಿತು. ಬಸ್ಸಿಗೆ ತಡವಿತ್ತು. ರಶ್ಮಿತಾ ಸೀರೆ ಸೆರಗು ಸಿಕ್ಕಿಸಿಕೊಂಡು ಬೈಕು ಹತ್ತಿದಳು. ಮೊದಲ ತಿರುವಿನಲ್ಲಿ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು, ಎರಡನೆಯದರಲ್ಲಿ ಸಡಿಲ ಬಿಟ್ಟಳು. ಮೂರನೆಯದು ಬರುವಷ್ಟರಲ್ಲಿ ಶಾಲೆಯ ಹೆಡ್‌ಮಿಸ್ಸಿನ ಮೇಲೆ ದೂರು ಹೇಳಲು ಶುರುಮಾಡಿದ್ದಳು. ಬೈಕಿನ ಮೇಲೆ ಅವಳು ಮಾತಾಡಿದ್ದನ್ನು ಧರ್ಮ ಎಂದೂ ಕೇಳಿರಲಿಲ್ಲ. ಹೂಂಗುಟ್ಟುತ್ತ, ಕಣ್ಣನ್ನು ರಸ್ತೆಯ ಆಚೆ ತುದಿಗೆ ಇಟ್ಟು, ಪಾಳ್ಯದವರೆಗೂ ಅಷ್ಟನ್ನೂ ಕೇಳಿದ.